ಗೆಲಾಕ್ಸಿ ಗುಚ್ಛಗಳಿಗೊಂದು ಪಹಣಿ

ಈ ವಿಡಿಯೊದಲ್ಲಿ ಪರದೆಯ ಮೇಲೆ ಕಾಣುತ್ತಿರುವುದು ನನ್ನ ಕಳೆದ ಏಳು ತಿಂಗಳ ಬದುಕು. ಒಂದು ಕೋಷ್ಟಕ, ಅಷ್ಟೆ. ಎಡಗಡೆ ಗೆಲಾಕ್ಸಿ ಗುಚ್ಛದ, ಅಂದರೆ ಗುರುತ್ವದಿಂದ ಒಟ್ಟಿಗಿರುವ ಗೆಲಾಕ್ಸಿಗಳ ಗುಂಪಿನ, ಸಂಖ್ಯೆ. ಅದರ ಪಕ್ಕದಲ್ಲಿ ಕೆಂಪುಪಲ್ಲಟ, ಅಂದರೆ ರೆಡ್‌ಶಿಫ್ಟ್. ನಮ್ಮಿಂದ ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಎಷ್ಟು ಜರುಗಿದೆ ಎಂಬ ಅಳತೆ ಅದು; ಗೆಲಾಕ್ಸಿ ದೂರವಿದ್ದಷ್ಟೂ ಅದು ಹೆಚ್ಚು. ಬಲತುದಿಯಲ್ಲಿ ಎಲ್ಲಕ್ಕಿಂತ ಅಗಲವಾದ ಒಂದು ಕಾಲಂ ಇದೆ, ನೋಡಿ. ಅದರ ತಲೆಯ ಮೇಲೆ ‘ಷರಾ’ ಎಂದು ಬರೆದಿದೆ. ಖಗೋಳವಿಜ್ಞಾನದ ಕೋಷ್ಟಕದಲ್ಲಿ ಷರಾ ಎಲ್ಲಿಂದ ಬಂತು ಎಂದು ಕೇಳಿದರೆ, ಅಪ್ಪನಿಂದ ಬಂತು.

ಅಪ್ಪ ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು. ನನಗೆ ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯ ಕೆಲಸ: ಹಳೆಯ ಪ್ರಬಂಧಗಳಲ್ಲಿ ಚೆಲ್ಲಾಪಿಲ್ಲಿಯಾಗಿರುವ ಅಳತೆಗಳನ್ನು ಹುಡುಕಿ ಒಂದೆಡೆ ಸೇರಿಸುವುದು. ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅವರಿಗೆ ತೋರಿಸಿದೆ. ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ಎರಡು ನಿಮಿಷ ನೋಡಿದರು. “ಅಳೆದವರು ಯಾರಮ್ಮ? ಎಷ್ಟು ಕಡೆ ಸರಪಳಿ ಹಿಡಿದರು? ಷರಾ ಕಾಲಮ್ಮೇ ಇಲ್ಲವಲ್ಲ” ಎಂದರು. ಆಗ ನಕ್ಕೆ. ಮೂರು ತಿಂಗಳ ನಂತರ ಆ ನಗು ಎಲ್ಲಿಗೆ ಹೋಯಿತು ಎಂಬುದು ಮುಂದೆ ಬರುತ್ತದೆ.

ಮೊದಲು ಎಡಗಡೆಯ ಸಂಖ್ಯೆಗಳು. ಇವು ಆಕಾಶದ ಸರ್ವೆ ನಂಬರುಗಳು. ಕೊಟ್ಟವರು ಖಗೋಳವಿಜ್ಞಾನಿ ಜಾರ್ಜ್ ಆಬೆಲ್. ಅಮೆರಿಕದ ಪಾಲೊಮಾರ್ ಬೆಟ್ಟದ 48 ಇಂಚಿನ ದೂರದರ್ಶಕ ತೆಗೆದ ಗಾಜಿನ ಫಲಕಗಳನ್ನು ಒಂದೊಂದಾಗಿ ಮಸೂರ ಹಿಡಿದು ನೋಡಿ, ಗೆಲಾಕ್ಸಿಗಳು ಕಿಕ್ಕಿರಿದ ಕಡೆಗಳನ್ನೆಲ್ಲ ಕಣ್ಣಳತೆಯಲ್ಲೇ ಎಣಿಸಿ, 1958ರಲ್ಲಿ 2712 ಗುಚ್ಛಗಳ ಪಟ್ಟಿ ಪ್ರಕಟಿಸಿದರು. ದಕ್ಷಿಣದ ಆಕಾಶವನ್ನು ಸೇರಿಸುವ ಕೆಲಸ ನಡೆಯುತ್ತಿದ್ದಾಗಲೇ, 1983ರಲ್ಲಿ, ಅವರು ತೀರಿಕೊಂಡರು. ಕಾರ್ವಿನ್ ಮತ್ತು ಒಲೊವಿನ್ ಅದನ್ನು ಮುಗಿಸಿದಾಗ 1989. ಪಟ್ಟಿ 4073ಕ್ಕೆ ಏರಿತ್ತು.

ಹೊಲಕ್ಕೆ ಚೆಕ್ಕುಬಂದಿ ಇರುವಂತೆ ಗುಚ್ಛಕ್ಕೂ ಒಂದು ಗಡಿ ಬೇಕು. ಆಬೆಲ್ ಹಾಕಿದ ನಿಯಮ ಸರಳ: 1.7ನ್ನು ಕೆಂಪುಪಲ್ಲಟದಿಂದ ಭಾಗಿಸಿದರೆ ಗಡಿಯ ತ್ರಿಜ್ಯ ಕೋನಕಲೆಗಳಲ್ಲಿ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಸಿಗುತ್ತದೆ. ಕೋಮಾ ಗುಚ್ಛವನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಅದು 1656ನೆಯದು, ಕೆಂಪುಪಲ್ಲಟ 0.0231. ಭಾಗಿಸಿದರೆ 73 ಕೋನಕಲೆಗೂ ಸ್ವಲ್ಪ ಹೆಚ್ಚು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 30 ಕೋನಕಲೆ. ಬರಿಗಣ್ಣಿಗೆ ಏನೂ ಕಾಣದ ಆ ಜಾಗದಲ್ಲಿ ಸಾಲಾಗಿ ಐದು ಚಂದ್ರರನ್ನು ಇಡುವಷ್ಟು ಅಗಲದ ಊರಿದೆ. ಉತ್ತರಾ ಮತ್ತು ಸ್ವಾತಿ ನಕ್ಷತ್ರಗಳ ನಡುವೆ, ಸ್ವಲ್ಪ ಉತ್ತರಕ್ಕೆ ಸರಿದು ಹುಡುಕಬೇಕು.

ಇಲ್ಲೊಂದು ತಮಾಷೆ ಗಮನಿಸಿ. ಗಡಿ ಎಳೆಯಲು ಕೆಂಪುಪಲ್ಲಟ ಬೇಕು. ಆದರೆ ಆಬೆಲ್ ಪಟ್ಟಿ ಬಂದಾಗ ಅದರಲ್ಲಿದ್ದ ಬಹುಪಾಲು ಗುಚ್ಛಗಳಿಗೆ ಅಳೆದ ಕೆಂಪುಪಲ್ಲಟವೇ ಇರಲಿಲ್ಲ. ಗುಚ್ಛದ ಹತ್ತನೆಯ ಪ್ರಕಾಶಮಾನ ಗೆಲಾಕ್ಸಿ ಎಷ್ಟು ಮಬ್ಬಾಗಿದೆ ಎಂದು ನೋಡಿ ದೂರವನ್ನು ಅಂದಾಜು ಮಾಡಿಕೊಂಡಿದ್ದರು. ಗದ್ದೆಯ ಬದುವಿನ ಮೇಲೆ ನಿಂತು ‘ಎರಡು ಎಕರೆ ಇದ್ದೀತು’ ಎನ್ನುವ ಹಾಗೆ. ಆ ಅಂದಾಜು ಎಷ್ಟೋ ಕಡೆ ಆಶ್ಚರ್ಯವಾಗುವಷ್ಟು ಸರಿಯಾಗಿತ್ತು, ಅದು ಬೇರೆ ಮಾತು. ಆದರೂ ಅಂದಾಜು ಅಂದಾಜೇ. ರೋಹಿತ ತೆಗೆದು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಳೆದದ್ದು ಬೇರೆ.

ಅಳೆಯುವುದು ಹೇಗೆ ಎಂದು ಹಳೆಯ ವಿಡಿಯೊ ಒಂದರಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದೆ. ಈ ಸಲ ನಿಧಾನವಾಗಿ ತೋರಿಸುತ್ತೇನೆ. ಕೋಮಾದ ನಡುಮನೆಯಲ್ಲಿ ಇಬ್ಬರು ಯಜಮಾನರಿದ್ದಾರೆ: ಎನ್‌ಜಿಸಿ 4874 ಮತ್ತು ಎನ್‌ಜಿಸಿ 4889. ಎರಡೂ ದೈತ್ಯ ಗೆಲಾಕ್ಸಿಗಳು; ಎನ್‌ಜಿಸಿ ಎಂಬುದು ಹಳೆಯದೊಂದು ಪಟ್ಟಿಯ ಹೆಸರು. ಇವುಗಳ ಬೆಳಕನ್ನು ಬಿಡಿಸಿ ಹರಡಿದರೆ ನೀಲಿ ಬದಿಯಲ್ಲಿ ಜೋಡಿ ಕಪ್ಪು ಗೀರುಗಳು ಕಾಣುತ್ತವೆ. ಅವು ಕ್ಯಾಲ್ಸಿಯಂನ ಗುರುತು. ಪ್ರಯೋಗಾಲಯದಲ್ಲಿ ಮೊದಲನೆಯ ಗೀರು ತರಂಗಾಂತರದ ಅಳತೆಗೋಲಿನ ಮೇಲೆ 3934 ಆಂಗ್‌ಸ್ಟ್ರಾಂನಲ್ಲಿ ಇರುತ್ತದೆ. 4889ರಲ್ಲಿ ಅದು 4019ರ ಹತ್ತಿರಕ್ಕೆ ಸರಿದಿದೆ, 4874ರಲ್ಲಿ 4028ರ ಹತ್ತಿರಕ್ಕೆ. ನಡುವೆ ಒಂಬತ್ತು ಆಂಗ್‌ಸ್ಟ್ರಾಂ ವ್ಯತ್ಯಾಸ. ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಗೀರು ಸರಿದ ಅಳತೆಯನ್ನು ದೂರ ಸರಿಯುವ ವೇಗಕ್ಕೆ ತಿರುಗಿಸಿದರೆ 4889ರದು ಸೆಕೆಂಡಿಗೆ ಸುಮಾರು 6500 ಕಿ.ಮೀ., 4874ರದು ಸುಮಾರು 7200 ಕಿ.ಮೀ.

ಒಂದೇ ಮನೆಯವರು. ವೇಗದಲ್ಲಿ ಸೆಕೆಂಡಿಗೆ 700 ಕಿ.ಮೀ. ಅಂತರ. ಇವರಲ್ಲಿ ಯಾರ ಮಾತನ್ನು ಬರೆದುಕೊಳ್ಳುತ್ತೀರಿ?

4889ನ್ನು ಮಾತ್ರ ಅಳೆದು ‘ಇದೇ ಗುಚ್ಛದ ಕೆಂಪುಪಲ್ಲಟ’ ಎಂದು ಬರೆದವರು ಕೋಮಾವನ್ನು ಒಂದು ದೂರಕ್ಕೆ ಇಡುತ್ತಾರೆ. 4874ನ್ನು ನಂಬಿದವರು ಅದಕ್ಕಿಂತ ಮೂರು ಕೋಟಿ ಜ್ಯೋತಿರ್ವರ್ಷ ಆಚೆಗೆ ತಳ್ಳುತ್ತಾರೆ. ನೂರಾರು ಸದಸ್ಯರನ್ನು ಅಳೆದು ಸರಾಸರಿ ತೆಗೆದಾಗ ಸೆಕೆಂಡಿಗೆ 6900 ಚಿಲ್ಲರೆ ಕಿ.ಮೀ. ಬರುತ್ತದೆ, ದೂರ ಸುಮಾರು 32 ಕೋಟಿ ಜ್ಯೋತಿರ್ವರ್ಷ. ಹೀಗಾಗಿ ನನ್ನ ಕೋಷ್ಟಕದಲ್ಲಿ ಕೆಂಪುಪಲ್ಲಟದ ಪಕ್ಕದಲ್ಲೇ ‘ಎಷ್ಟು ಗೆಲಾಕ್ಸಿ’ ಎಂಬ ಕಾಲಂ ಇದೆ. ಅದು ಸಾಕ್ಷಿಗಳ ಸಂಖ್ಯೆ. ಸಾಕ್ಷಿ ಒಂದೇ ಇದ್ದರೆ ನಾನು ಈಗ ಆ ಸಾಲಿಗೆ ಹಳದಿ ಬಣ್ಣ ಹಚ್ಚುತ್ತೇನೆ. ಮೊದಲು ಹಚ್ಚುತ್ತಿರಲಿಲ್ಲ.

ಆ ಒಂಬತ್ತು ಆಂಗ್‌ಸ್ಟ್ರಾಂ ಬರೀ ತಲೆನೋವು ಎಂದುಕೊಳ್ಳಬೇಡಿ. 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ನೋಡಿದ್ದು ಇದನ್ನೇ. ಅವರ ಕೈಯಲ್ಲಿದ್ದದ್ದು ಕೋಮಾದ ಬೆರಳೆಣಿಕೆಯ ಗೆಲಾಕ್ಸಿಗಳ ವೇಗ. ಸದಸ್ಯರು ಇಷ್ಟು ರಭಸದಲ್ಲಿ ಓಡಾಡುತ್ತಿದ್ದರೆ ಗುಚ್ಛ ಎಂದೋ ಚದುರಿಹೋಗಬೇಕಿತ್ತು. ಹೋಗಿಲ್ಲ, ಆದ್ದರಿಂದ ಕಾಣದ ದ್ರವ್ಯ ಹಿಡಿದಿಟ್ಟಿರಬೇಕು ಎಂದರು. ಆ ಕಾಲದ ಇಂಥ ವೇಗಗಳನ್ನು ಅಳೆಯುವುದರಲ್ಲಿ ಮಿಲ್ಟನ್ ಹ್ಯೂಮಸನ್ ಅವರನ್ನು ಮೀರಿಸಿದವರಿರಲಿಲ್ಲ. ಅವರು ಶಾಲೆ ಬಿಟ್ಟವರು, ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಹೊತ್ತು ತರುತ್ತಿದ್ದವರು, ಆಮೇಲೆ ಅದೇ ವೀಕ್ಷಣಾಲಯದಲ್ಲಿ ಜಾಡಮಾಲಿಯಾಗಿದ್ದವರು. ಈ ಕಥೆ ಹೇಳಿದಾಗ ಅಮ್ಮ ಅಡುಗೆಮನೆಯಿಂದಲೇ “ಅವನಿಗೆ ಸಂಬಳ ಏರಿಸಿದರೋ ಇಲ್ಲವೋ” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರೋಣ. ಎರಡು ತಪ್ಪುಗಳು, ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು: ಹಳೆಯ ಪಟ್ಟಿಗಳಲ್ಲಿ ಸೂರ್ಯನ ಸ್ವಂತ ಚಲನೆಯನ್ನು ಸರಿದೂಗಿಸಲು, ದಿಕ್ಕಿಗೆ ತಕ್ಕಂತೆ ಸೆಕೆಂಡಿಗೆ 300 ಕಿ.ಮೀ. ತನಕ ಕೂಡಿಸುವ ಅಥವಾ ಕಳೆಯುವ ರೂಢಿಯಿತ್ತು. ಹೊಸ ಪಟ್ಟಿಗಳು ಸಾಮಾನ್ಯವಾಗಿ ಸೂರ್ಯನಿಂದ ಕಂಡ ವೇಗವನ್ನೇ ಹಾಗೆಯೇ ಕೊಡುತ್ತವೆ. ನಾನು ಮೊದಲೇ ತಿದ್ದಿದ್ದ ಒಂದು ಪಟ್ಟಿಯನ್ನು ಇನ್ನೊಮ್ಮೆ ತಿದ್ದಿ ಕೂರಿಸಿದ್ದೆ. ಹಾಲಿಗೆ ಎರಡು ಸಲ ಹೆಪ್ಪು ಹಾಕಿದ ಹಾಗೆ. ಕೋಷ್ಟಕದ ಕೆಳಗೆ ಇರುವೆ ಗಾತ್ರದ ಅಡಿಟಿಪ್ಪಣಿಯಲ್ಲಿ ಅದನ್ನು ಬರೆದಿದ್ದರು. ನಾನು ಓದಿರಲಿಲ್ಲ.

ದೊಡ್ಡದು ಈ ಸಾಲು. ಸಂಖ್ಯೆಯನ್ನು ಮಸುಕು ಮಾಡಿದ್ದೇನೆ, ಏಕೆಂದರೆ ತಪ್ಪು ಗುಚ್ಛದ್ದಲ್ಲ, ನನ್ನದು. ಅಂದಾಜಿನ ಕೆಂಪುಪಲ್ಲಟ 0.15ರ ಆಸುಪಾಸು. ಹಳೆಯ ಪ್ರಬಂಧವೊಂದು ಅಳೆದದ್ದು ಎಂದು 0.04 ಕೊಟ್ಟಿತ್ತು. ಅಳೆದದ್ದು ಅಂದಾಜಿಗಿಂತ ಮೇಲು ಎಂಬ ನನ್ನ ದೊಡ್ಡ ನಂಬಿಕೆಯ ಪ್ರಕಾರ 0.04 ಬರೆದು ಮುಂದೆ ಹೋದೆ. ತಿಂಗಳಾದ ಮೇಲೆ ನಕ್ಷೆ ಬಿಡಿಸಿದರೆ ಆ ಗುಚ್ಛ ಒಂದೇ ಒಂಟಿ ಮರದಂತೆ ಖಾಲಿ ಬಯಲಿನಲ್ಲಿ ನಿಂತಿತ್ತು. ಅನುಮಾನ ಬಂದು ಚಿತ್ರ ತೆರೆದು ನೋಡಿದೆ. ಅವರು ಅಳೆದಿದ್ದದ್ದು ಒಂದೇ ಗೆಲಾಕ್ಸಿ. ಕಣ್ಣಿಗೆ ಹೊಡೆಯುವಂತಿದ್ದ, ಸುರುಳಿ ಕೈಗಳ ಚೆಂದದ ಗೆಲಾಕ್ಸಿ. ಗುಚ್ಛಕ್ಕೂ ನಮಗೂ ನಡುವೆ ತನ್ನ ಪಾಡಿಗೆ ತಾನು ನಿಂತಿರುವ ದಾರಿಹೋಕ. ಅದರ ಹಿಂದೆ ಸಣ್ಣ ಸಣ್ಣ ಕಂದು ಚುಕ್ಕಿಗಳ ಗುಂಪು. ಊರಿನ ಹೆಸರು ಕೇಳಲು ಬಂದವರು ಬಸ್ ನಿಲ್ದಾಣದಲ್ಲಿ ನಿಂತಿದ್ದ ಪರವೂರಿನವನನ್ನು ಕೇಳಿ ಹೋದಂತಾಗಿತ್ತು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. “ಷರಾ ಕಾಲಂ ಹಾಕು” ಎಂದರು.

ಇದಕ್ಕಿಂತ ತೊಡಕಿನದು ಒಂದರ ಹಿಂದೆ ಒಂದು ಇರುವ ಎರಡು ಗುಚ್ಛಗಳು. ಆಬೆಲ್ ಕಣ್ಣಿಗೆ ಅವು ಒಂದೇ ರಾಶಿ, ಅದಕ್ಕೇ ಒಂದೇ ನಂಬರು. ಅಳೆಯುತ್ತಾ ಹೋದಂತೆ ವೇಗಗಳು ಎರಡು ಗುಡ್ಡೆಯಾಗಿ ಬೀಳುತ್ತವೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾರೂ ಇಲ್ಲದ ನಡುಜಾಗದಲ್ಲಿ ಗುಚ್ಛ ಹುಟ್ಟುತ್ತದೆ. ವೇಗದ ಹರವು ನಿಜಕ್ಕಿಂತ ಎರಡು ಪಟ್ಟು ಕಂಡರೆ, ಅದರ ವರ್ಗದಿಂದ ಲೆಕ್ಕ ಹಾಕುವ ತೂಕ ನಾಲ್ಕು ಪಟ್ಟಾಗುತ್ತದೆ. ಇಂಥಲ್ಲಿ ಸಂಕಲನಕಾರರು ನಂಬರಿಗೆ ಎ, ಬಿ ಎಂದು ಬಾಲ ಸೇರಿಸುತ್ತಾರೆ. ನಮ್ಮ ಭಾಷೆಯಲ್ಲಿ ಪೋಡಿ. ಸರ್ವೆ ನಂಬರ್ 45 ಹೋಗಿ 45/1, 45/2 ಆಗುವುದು. ಮಿಚೆಲ್ ಸ್ಟ್ರಬಲ್ ಮತ್ತು ಹರ್ಬರ್ಟ್ ರೂಡ್ 1987, 1991, 1999ರಲ್ಲಿ ಆಬೆಲ್ ಗುಚ್ಛಗಳಿಗೆ ಇಂಥ ಸಂಕಲನಗಳನ್ನು ಪ್ರಕಟಿಸಿದರು. ಕೊನೆಯದರಲ್ಲಿ 1500ಕ್ಕೂ ಹೆಚ್ಚು ಗುಚ್ಛಗಳಿವೆ. ಹೊಸ ಆಕಾಶವನ್ನೇನೂ ನೋಡದೆ, ಬೇರೆಯವರು ಅಳೆದದ್ದನ್ನು ಕೂತು ತೂಗಿ ನೋಡುವ ಆ ತಾಳ್ಮೆಗೆ ನನ್ನ ಮಟ್ಟಿಗೆ ದೊಡ್ಡ ದೂರದರ್ಶಕದಷ್ಟೇ ಬೆಲೆ.

ಈಗ ಸ್ಲೋನ್‌ನಂಥ ಆಕಾಶ ಸಮೀಕ್ಷೆಗಳು ಲಕ್ಷಗಟ್ಟಲೆ ರೋಹಿತ ಕೊಡುತ್ತಿರುವಾಗ ಈ ಹಳೆಯ ಕಡತ ಯಾಕೆ ಎನ್ನುತ್ತೀರಾ? ಸ್ಲೋನ್‌ನ ಮೂಲ ಸಮೀಕ್ಷೆಯಲ್ಲಿ ಬೆಳಕು ಹಿಡಿಯುವ ಎಳೆಗಳನ್ನು ಒಂದೇ ಫಲಕದಲ್ಲಿ 55 ಕೋನವಿಕಲೆಗಿಂತ, ಅಂದರೆ ಸುಮಾರು ಒಂದು ಕೋನಕಲೆಗಿಂತ, ಹತ್ತಿರ ಚುಚ್ಚುವಂತಿರಲಿಲ್ಲ. ಅಂದರೆ ಜನ ಕಿಕ್ಕಿರಿದ ಗುಚ್ಛದ ನಡುಮನೆಯಲ್ಲೇ ಕೆಲವರು ಎಣಿಕೆಯಿಂದ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿ ಹಳೆಯ ಅಳತೆಯೇ ಗತಿ.

ಇಷ್ಟೆಲ್ಲ ಮಾಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಹತ್ತಿರದ ಉದಾಹರಣೆ ಇದೆ. 2017ರಲ್ಲಿ ಪುಣೆಯ ಐಯುಕಾ ಮತ್ತು ಐಸರ್ ಎಂಬ ಸಂಶೋಧನಾ ಸಂಸ್ಥೆಗಳವರು ಸೇರಿದ ತಂಡ, ಮೀನ ರಾಶಿಯ ದಿಕ್ಕಿನಲ್ಲಿ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದು ಮಹಾಗುಚ್ಛವನ್ನು ಗುರುತಿಸಿತು. ಸರಸ್ವತಿ ಎಂದು ಹೆಸರಿಟ್ಟರು. ಕನಿಷ್ಠ 43 ಗುಚ್ಛಗಳು, ಅದರ ಗರ್ಭದಲ್ಲಿ ಆಬೆಲ್ 2631. ಚಿತ್ರದಲ್ಲಿ ನೋಡಿದರೆ ಅವೆಲ್ಲ ಅಲ್ಲೊಂದು ಇಲ್ಲೊಂದು ಬಿದ್ದ ಅವರೆಕಾಳು. ಎಲ್ಲದರ ಕೆಂಪುಪಲ್ಲಟವೂ 0.28ರ ಸುತ್ತ ಗುಂಪುಗೂಡಿದೆ ಎಂದಾಗಲೇ ಅವು ಒಂದೇ ದಾರದವು ಎಂದು ತಿಳಿಯುವುದು. ಅಷ್ಟು ದೂರದಲ್ಲಿ ಮೂರನೆಯ ದಶಮಾಂಶ ಸ್ಥಾನದಲ್ಲಿ ಒಂದು ಅಂಕಿ ಜಾರಿದರೂ ಗುಚ್ಛ ಒಂದು ಕೋಟಿ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ಸರಿಯುತ್ತದೆ. ನನ್ನ 0.04ರಂಥ ಸಾಲು ಆ ಪಟ್ಟಿಯೊಳಗೆ ನುಸುಳಿದ್ದರೆ ಕಾಳು ದಾರದಿಂದಲೇ ಉದುರಿರುತ್ತಿತ್ತು.

ಕಳೆದ ವಾರ ಮತ್ತೆ ಊರಿಗೆ ಹೋಗಿದ್ದೆ. ತಿದ್ದಿದ ಸಾಲನ್ನು ಅಪ್ಪನಿಗೆ ತೋರಿಸಿದೆ. ಈ ತುಣುಕಿನಲ್ಲಿ ಕಾಣುವುದು ಅವರ ಬೆರಳು.

“ಹಳೆಯ ಅಂಕಿ ಎಲ್ಲಿ? ಅಳಿಸಿಬಿಟ್ಟೆಯಾ?”

“ಇಲ್ಲ ಅಪ್ಪಾ, ಷರಾದಲ್ಲಿದೆ ನೋಡಿ. ‘ಒಂದೇ ಗೆಲಾಕ್ಸಿ, ಮುನ್ನೆಲೆಯದು, ಕೈಬಿಡಲಾಗಿದೆ.’”

“ತಿದ್ದಿದವರ ಸಣ್ಣ ಸಹಿ?”

ಕೋಷ್ಟಕಕ್ಕೆ ಇನ್ನೊಂದು ಕಾಲಂ ಸೇರಿತು. ಸದ್ಯಕ್ಕೆ ಅದರಲ್ಲಿರುವುದು ಒಬ್ಬಳದೇ ಸಹಿ, 31 ಕಡೆ.