ಗುವಾಂಗ್‌ಡಾಂಗ್ ಕಟ್ಟಿದವರ ಮಕ್ಕಳು ಎಲ್ಲಿ ಓದಬೇಕು?

ನಮಸ್ಕಾರ. ಇವತ್ತು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಬಗ್ಗೆ ಮಾತಾಡೋಣ. ಚೀನಾದ ದಕ್ಷಿಣ ತುದಿಯಲ್ಲಿ, ಹಾಂಗ್‌ಕಾಂಗ್‌ಗೆ ಅಂಟಿಕೊಂಡೇ ಇದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಆದರೆ 2024ರ ಕೊನೆಗೆ ಅಲ್ಲಿದ್ದ ಜನ 12 ಕೋಟಿ 78 ಲಕ್ಷ! ಆ ವರ್ಷ ಅದರ ಜಿಡಿಪಿ 14 ಲಕ್ಷ ಕೋಟಿ ಯುವಾನ್ ದಾಟಿತು. ಇಡೀ ಭಾರತದ ಜಿಡಿಪಿಯ ಸುಮಾರು ಅರ್ಧದಷ್ಟು, ಒಂದೇ ಪ್ರಾಂತ್ಯದಲ್ಲಿ. 1989ರಿಂದ ಚೀನಾದ ಪ್ರಾಂತ್ಯಗಳಲ್ಲಿ ಮೊದಲ ಸ್ಥಾನ ಇದರದ್ದೇ.

ಈ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಚೀನಾದ ಆಗಿನ ನಾಯಕ ಡೆಂಗ್ ಷಿಯಾವೊಪಿಂಗ್ ಹೊರದೇಶದ ಬಂಡವಾಳಕ್ಕೆ ಬಾಗಿಲು ತೆರೆದರು, 1980ರಲ್ಲಿ ಗುವಾಂಗ್‌ಡಾಂಗ್‌ನ ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಆಯಿತು, ಬಂಡವಾಳ ಬಂತು, ಊರು ಬೆಳೆಯಿತು. ಸುಳ್ಳಲ್ಲ. ಆದರೆ ಅಲ್ಲಿಗೆ ಬಂದಿದ್ದು ಬಂಡವಾಳ ಮಾತ್ರ ಅಲ್ಲ, ಅಲ್ವಾ? ಶುರುವಿನಲ್ಲಿ ಸುಮಾರು 3 ಲಕ್ಷ ಜನರಿದ್ದ ಶೆನ್‌ಜೆನ್‌ನಲ್ಲಿ 2020ರ ಜನಗಣತಿ ಹೊತ್ತಿಗೆ 1 ಕೋಟಿ 75 ಲಕ್ಷ ಜನ ಇದ್ದರು. ಇವರೆಲ್ಲ ಅಲ್ಲೇ ಹುಟ್ಟಿದವರಲ್ಲ. ಹುನಾನ್, ಸಿಚುವಾನ್, ಗುವಾಂಗ್‌ಷಿ, ಹೆನಾನ್ ಹಳ್ಳಿಗಳಿಂದ ರೈಲು ಹತ್ತಿ ಬಂದವರೇ ಜಾಸ್ತಿ. ಅದೇ ಗಣತಿಯ ಪ್ರಕಾರ ಬೇರೆ ಪ್ರಾಂತ್ಯಗಳಿಂದ ಗುವಾಂಗ್‌ಡಾಂಗ್‌ಗೆ ಬಂದು ನೆಲೆಸಿದ್ದವರು 2 ಕೋಟಿ 96 ಲಕ್ಷ.

ಇಲ್ಲಿ ಹುಕೌ ಅನ್ನೋದನ್ನು ತಿಳಿದುಕೊಳ್ಳಬೇಕು. ಅದು ಮನೆಮಂದಿಯ ನೋಂದಣಿ. ನೀವು ಯಾವ ಊರಿನವರು ಅಂತ ಸರ್ಕಾರ ಬರೆದಿಟ್ಟುಕೊಂಡಿರುವ ದಾಖಲೆ. ಅಪ್ಪ ಅಮ್ಮನದು ಯಾವ ಊರೋ ಮಗುವಿನದೂ ಅದೇ ಊರು, ಶೆನ್‌ಜೆನ್‌ನ ಆಸ್ಪತ್ರೆಯಲ್ಲೇ ಹುಟ್ಟಿದ್ದರೂ. ಶಾಲೆ, ಚಿಕಿತ್ಸೆ, ಪಿಂಚಣಿ, ಎಲ್ಲದರಲ್ಲೂ ಊರಿನವರಿಗೆ ಮೊದಲ ಮಣೆ. ಡಾಂಗ್‌ಗುವಾನ್ ಅನ್ನೋ ಕಾರ್ಖಾನೆಗಳ ಊರನ್ನೇ ನೋಡಿ. 2020ರಲ್ಲಿ ಅಲ್ಲಿದ್ದವರು 1 ಕೋಟಿ 4 ಲಕ್ಷ. ಅಲ್ಲಿನ ಹುಕೌ ಇದ್ದವರು ಸುಮಾರು 26 ಲಕ್ಷ. ನಾಲ್ವರಲ್ಲಿ ಮೂವರು ಹೊರಗಿನವರು!

ಇವರು ಎಲ್ಲಿ ಇರುತ್ತಾರೆ? ಕಾರ್ಖಾನೆಯ ಡಾರ್ಮಿಟರಿಯಲ್ಲಿ. ಇಲ್ಲವೇ ನಗರ ನುಂಗಿದ ಹಳೇ ಹಳ್ಳಿಗಳಲ್ಲಿ. ಅಲ್ಲಿನ ಮನೆಗಳಿಗೆ 'ಕೈ ಕುಲುಕುವ ಕಟ್ಟಡ' ಅಂತ ಹೆಸರು. ಆ ಕಿಟಕಿಯಿಂದ ಈ ಕಿಟಕಿಗೆ ಕೈ ಚಾಚಿದರೆ ಪಕ್ಕದ ಮನೆಯವರ ಕೈ ಸಿಗುತ್ತದೆ, ಅಷ್ಟು ಒತ್ತೊತ್ತು. ಹಗಲಲ್ಲೂ ಲೈಟ್ ಹಾಕಬೇಕು. ತಲೆ ಮೇಲೆ ವೈರುಗಳ ಗೋಜಲು, ಒಣಗದ ಬಟ್ಟೆ. ಶೆನ್‌ಜೆನ್‌ನ ಬೈಶಿಝೌನಲ್ಲಿ ಹೀಗೆ ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕೆಡವಿ ಹೊಸದಾಗಿ ಕಟ್ಟುತ್ತೇವೆ ಅಂತ 2019ರಲ್ಲಿ ಬಾಡಿಗೆಯವರನ್ನು ಖಾಲಿ ಮಾಡಿಸಿದರು. ಹತ್ತಿರದ ಶಾಲೆಗೆ ಹೋಗುತ್ತಿದ್ದ ಮಕ್ಕಳ ಅಪ್ಪ ಅಮ್ಮ ಮನೆ ಹುಡುಕಿಕೊಂಡು ಅಲೆದರು.

ಅದಕ್ಕೂ ಮುಂಚೆ, 2008ರ ಹೊತ್ತಿಗೆ, ವಾಂಗ್ ಯಾಂಗ್ ಗುವಾಂಗ್‌ಡಾಂಗ್‌ನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಆಗಿದ್ದಾಗ ಒಂದು ನೀತಿ ಬಂತು. ಅದರ ಹೆಸರು 'ಪಂಜರ ಖಾಲಿ ಮಾಡಿ ಹಕ್ಕಿ ಬದಲಾಯಿಸು'. ಬಟ್ಟೆ, ಚಪ್ಪಲಿ, ಆಟಿಕೆ ಮಾಡುವ ಕಾರ್ಖಾನೆಗಳು ಶೆನ್‌ಜೆನ್, ಡಾಂಗ್‌ಗುವಾನ್ ಇರುವ ಮುತ್ತಿನ ನದಿ (ಪರ್ಲ್ ರಿವರ್) ಬಯಲಿನಿಂದ ಹೊರಗೆ ಹೋಗಲಿ, ತಂತ್ರಜ್ಞಾನದ ಕಂಪನಿಗಳು ಬರಲಿ ಅನ್ನೋದು ಅದರ ಲೆಕ್ಕ. ಆರ್ಥಿಕವಾಗಿ ಇದರಲ್ಲಿ ಅರ್ಥ ಇದೆ, ಒಪ್ಪುತ್ತೇನೆ. ಆದರೆ ಆ ಹೆಸರು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಕಾರ್ಖಾನೆ ಹೋದರೆ ಅದರ ಜೊತೆ ಹೋಗುವುದು ಇಪ್ಪತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಗಸು. ಅವಳನ್ನು ಹಕ್ಕಿ ಅಂತ ಕರೆದು ಹಾರಿಬಿಡುವುದು ಸರಿಯಾ?

ಚೀನಾದ ಹೊಸ ವರ್ಷಕ್ಕೆ ಇವರು ಊರಿಗೆ ಹೋಗುತ್ತಿದ್ದ ರೀತಿಯನ್ನೂ ಹೇಳಬೇಕು. ರೈಲು ಟಿಕೆಟ್ ಸಿಗುತ್ತಿರಲಿಲ್ಲ. ಚಳಿಯಲ್ಲಿ, ಮಳೆಯಲ್ಲಿ, ಗಂಡ ಹೆಂಡತಿ ಮಗು ಒಂದೇ ಬೈಕಿನಲ್ಲಿ, ಸಾಮಾನು ಹಿಂದೆ ಕಟ್ಟಿಕೊಂಡು, ಪ್ಲಾಸ್ಟಿಕ್ ಹೊದ್ದು ಗುವಾಂಗ್‌ಷಿ ಕಡೆಗೆ ಹೊರಡುತ್ತಿದ್ದರು. ಲಕ್ಷಗಟ್ಟಲೆ ಬೈಕುಗಳು. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಅವರಿಗೆ ಬಿಸಿ ಗಂಜಿ ಕೊಡುತ್ತಿದ್ದರು. 2014ರ ಕೊನೆಗೆ ಗುಯಿಯಾಂಗ್ ನಗರ ಮತ್ತು ಗುವಾಂಗ್‌ಷಿಯ ರಾಜಧಾನಿ ನಾನ್‌ನಿಂಗ್ ಕಡೆಗೆ ವೇಗದ ರೈಲು ಬಂದ ಮೇಲೆ ಈ ಬೈಕುಗಳ ಸಾಲು ಸಣ್ಣದಾಗುತ್ತಾ ಬಂತು. ರೈಲು ಹಾಕಿದ್ದು ನಿಜಕ್ಕೂ ಒಳ್ಳೇ ಕೆಲಸ. ಊರಲ್ಲಿ ಅಜ್ಜಿ ಹತ್ತಿರ ಬಿಟ್ಟುಬಂದ ಮಗುವನ್ನು ಬೇಗ ನೋಡಬಹುದು. ಆದರೆ ಮಗುವನ್ನು ಬಿಟ್ಟುಬರಬೇಕಾದ ಕಾರಣ ಹಾಗೇ ಉಳಿಯಿತಲ್ಲ!

ಶಾಲೆಯ ವಿಷಯವೇ ಅದು. ಹೊರಗಿನವರ ಮಕ್ಕಳಿಗೆ ಸರ್ಕಾರಿ ಶಾಲೆಯ ಸೀಟು ಅಂಕದ ಮೇಲೆ. ಸ್ವಂತ ಮನೆ ಇದೆಯಾ, ಎಷ್ಟು ವರ್ಷ ಸಾಮಾಜಿಕ ವಿಮೆ ಕಟ್ಟಿದ್ದೀರಿ, ಎಷ್ಟು ಓದಿದ್ದೀರಿ, ಹೀಗೆ ಅಪ್ಪ ಅಮ್ಮನನ್ನು ತೂಗುತ್ತಾರೆ. ಲಿಖಿತ ಕೆಲಸದ ಕರಾರೇ ಇಲ್ಲದೆ ದುಡಿದವನು ವಿಮೆಯ ರಸೀದಿ ಎಲ್ಲಿಂದ ತರಬೇಕು? 2016ರಿಂದ ಕಾಲೇಜು ಪ್ರವೇಶ ಪರೀಕ್ಷೆಯನ್ನು ಅಲ್ಲೇ ಬರೆಯಲು ಬಿಟ್ಟಿದ್ದಾರೆ. ಅದಕ್ಕೂ ಮೂರು ವರ್ಷದ ವಿಮೆ, ಮೂರು ವರ್ಷದ ಶಾಲಾ ದಾಖಲಾತಿ ಬೇಕು.

ಇದು ದೂರದ ಮಾತು ಅಂದುಕೊಳ್ಳಬೇಡಿ. ಶೆನ್‌ಜೆನ್‌ನಲ್ಲಿ ಲಕ್ಷಾಂತರ ಜನರಿಂದ ಫೋನ್ ಜೋಡಿಸಿದ ಫಾಕ್ಸ್‌ಕಾನ್ ಈಗ ನಮ್ಮ ದೇವನಹಳ್ಳಿ ಹತ್ತಿರವೂ ಐಫೋನ್ ಜೋಡಿಸುತ್ತಿದೆ. ದುಡಿಯಲು ಬಂದವರ ಮಕ್ಕಳು ಎಲ್ಲಿ ಓದಬೇಕು ಅನ್ನೋ ಪ್ರಶ್ನೆ ನಮ್ಮದೂ ಹೌದು.

2022ರಿಂದ ಚೀನಾದ ಒಟ್ಟು ಜನಸಂಖ್ಯೆ ಇಳಿಯುತ್ತಿದೆ. ಗುವಾಂಗ್‌ಡಾಂಗ್‌ನದು ಇನ್ನೂ ಏರುತ್ತಿದೆ. 2024ರಲ್ಲಿ ಅಲ್ಲಿ 11 ಲಕ್ಷ 30 ಸಾವಿರ ಮಕ್ಕಳು ಹುಟ್ಟಿದರು. ಆ ವರ್ಷ 10 ಲಕ್ಷ ದಾಟಿದ ಪ್ರಾಂತ್ಯ ಅದೊಂದೇ. ಅಲ್ಲಿನ ಸರ್ಕಾರ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಲಿ. ಆದರೆ 2030ಕ್ಕೆ ಆ ಮಕ್ಕಳಿಗೆ ಆರು ವರ್ಷ ತುಂಬುತ್ತದೆ. ಶಾಲೆಯ ಅರ್ಜಿ ಹಿಡಿದು ಅಪ್ಪ ಅಮ್ಮ ಸಾಲಿನಲ್ಲಿ ನಿಲ್ಲುತ್ತಾರೆ. ಆ ಅರ್ಜಿಯಲ್ಲಿ ಅಂಕದ ಕಾಲಂ ಇರಬಾರದು. ಮಗುವಿನ ಹೆಸರು, ಹುಟ್ಟಿದ ದಿನ, ಈಗ ಇರುವ ಮನೆಯ ವಿಳಾಸ, ಇಷ್ಟು ಇದ್ದರೆ ಸಾಕು.