ಮೊಣಗಂಟಿಗೊಂದು ಕರೆಂಟು ಪೆಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಉಡುಪಿಯ ಸುತ್ತಮುತ್ತ, ನಡೆದಾಡಲು ಕಷ್ಟವಿರುವವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಕಾಪುವಿನ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಅಮ್ಮ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ನಲವತ್ತು ವರ್ಷ ಬೀಡಿ ಕಟ್ಟಿದವರು. ಈಗ ಎರಡೂ ಮೊಣಗಂಟು ಸವೆದಿವೆ. ನಾನು ಕೊಡೆ ಮಡಚಿ ಒಳಗೆ ಬರುವಷ್ಟರಲ್ಲಿ ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದು ಕೈಗೆ ಕೊಟ್ಟರು. "ಮಗ ದುಬೈಯಿಂದ ತಂದದ್ದು ಡಾಕ್ಟ್ರೇ. ಇದರಿಂದ ಎಂತ ಸಹ ಆಗುವುದಿಲ್ಲ. ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೇ."

ಪೆಟ್ಟಿಗೆಯಲ್ಲಿ ಇದ್ದದ್ದು ಟೆನ್ಸ್ ಯಂತ್ರ, ಅಂದರೆ ಚರ್ಮದ ಮೇಲಿನಿಂದ ನರಗಳಿಗೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಯಂತ್ರ. ಅಂಗೈಯಗಲದ ಒಂದು ಡಬ್ಬಿ, ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ಜೊತೆ ವಯರು, ನಾಲ್ಕು ಅಂಟುವ ಪ್ಯಾಡು. ಹಾಕಿ ತೋರಿಸಿ ಎಂದೆ. ಸೀರೆ ಸ್ವಲ್ಪ ಮೇಲೆ ಸರಿಸಿದರು. ಮೊಣಗಂಟು ತೈಲದಲ್ಲಿ ಮಿರಮಿರ ಮಿಂಚುತ್ತಿತ್ತು! ಅದರ ಮೇಲೆ ಪ್ಯಾಡು ನಿಲ್ಲುವುದಾದರೂ ಹೇಗೆ? ಒಂದು ಮೂಲೆ ಮಾತ್ರ ಅಂಟಿಕೊಂಡು ಉಳಿದದ್ದು ಎದ್ದು ನಿಂತಿತು. ಇಡೀ ಪ್ಯಾಡಿನಲ್ಲಿ ಹರಡಿ ಹೋಗಬೇಕಾದ ಕರೆಂಟು ಆ ಒಂದು ಮೂಲೆಯಲ್ಲೇ ನುಗ್ಗುತ್ತದೆ. ಇರುವೆ ಕಚ್ಚಿದ್ದು ಅದೇ. ಸೋಪು ಹಾಕಿ ತೊಳೆಸಿ, ಒರೆಸಿ, ಫ್ಯಾನಿನಡಿ ಬೆವರು ಆರುವ ತನಕ ಕೂರಿಸಿ, ಮತ್ತೆ ಅಂಟಿಸಿದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದರು. "ಈಗ ಜುಮುಜುಮು ಅಂತ ಉಂಟು."

ಆ ಜುಮುಜುಮು ಬೇಕಾದದ್ದು. ಯಾಕೆ ಅಂತ ಹೇಳುತ್ತೇನೆ.

ಮಂಚದ ಕಾಲಿಗೆ ಮೊಣಕಾಲು ಬಡಿದರೆ ನಾವು ಮೊದಲು ಮಾಡುವುದು ಉಜ್ಜಿಕೊಳ್ಳುವುದು. ಉಜ್ಜಿದರೆ ನೋವು ಕಡಿಮೆ ಅನ್ನಿಸುವುದು ಬರೀ ಭ್ರಮೆಯಲ್ಲ. ಮುಟ್ಟಿದ್ದನ್ನು ತಿಳಿಸುವ ನರಗಳು ದಪ್ಪ. ಅವು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತವೆ. ಮಂದವಾಗಿ, ಎಡೆಬಿಡದೆ ಕಾಡುವ ನೋವನ್ನು ಒಯ್ಯುವ ಸಣ್ಣ ನರಗಳು ನಿಂತು ನಿಂತು ಹೋಗುವ ಸರ್ವಿಸ್ ಬಸ್ಸು. ಸೆಕೆಂಡಿಗೆ ಎರಡು ಮೀಟರ್ ದಾಟುವುದೂ ಕಷ್ಟ. ಎರಡೂ ಬಂದು ಸೇರುವುದು ಬೆನ್ನುಹುರಿಯಲ್ಲಿ. ಎಕ್ಸ್‌ಪ್ರೆಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ, ನೋವಿನ ಬಸ್ಸಿಗೆ ಮೆದುಳಿನ ಕಡೆ ಹೋಗುವ ಗೇಟು ಸರಿಯಾಗಿ ತೆರೆಯುವುದಿಲ್ಲ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ನೋವಿನ ಸಂಶೋಧಕರು 1965ರಲ್ಲಿ ಮುಂದಿಟ್ಟ ವಿಚಾರ ಇದು. ಆಮೇಲೆ ಇದಕ್ಕೆ ತಿದ್ದುಪಡಿಗಳು ಬಂದಿವೆ, ಆದರೂ ಟೆನ್ಸ್ ಯಂತ್ರ ಹುಟ್ಟಿದ್ದು ಈ ಗೇಟಿನ ಬಲದಿಂದಲೇ.

ನಿಜ ಹೇಳಬೇಕೆಂದರೆ ಕರೆಂಟಿನ ಮದ್ದು ಇನ್ನೂ ಹಳೆಯದು. ಒಂದನೇ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಪಾದದ ಗಂಟುನೋವಿಗೆ ಜೀವಂತ ವಿದ್ಯುತ್ ಮೀನಿನ ಮೇಲೆ ಕಾಲಿಟ್ಟು ನಿಲ್ಲಲು ಹೇಳುತ್ತಿದ್ದ. ತೊರಕೆಯ ಬಳಗದ ಅಂಥ ಮೀನು ನಮ್ಮ ಅರಬ್ಬಿ ಸಮುದ್ರದಲ್ಲೂ ಉಂಟು. ಮಲ್ಪೆಗೆ ಓಡಬೇಡಿ, ಬ್ಯಾಟರಿ ಸಾಕು!

ಬಳಸುವ ಕ್ರಮಕ್ಕೆ ಬರುವ. ಪ್ಯಾಡುಗಳನ್ನು ನೋವಿನ ಎರಡು ಬದಿಗೆ ಇಡಬೇಕು. ಮೊಣಗಂಟಾದರೆ ಚಿಪ್ಪಿನ ಮೇಲಲ್ಲ, ಅದರ ಆಚೆ ಈಚೆ. ಸೊಂಟವಾದರೆ ಬೆನ್ನುಮೂಳೆಯ ಎಡಕ್ಕೊಂದು, ಬಲಕ್ಕೊಂದು. ಒಂದಕ್ಕೊಂದು ತಾಗಬಾರದು. ವೇಗವನ್ನು ಸೆಕೆಂಡಿಗೆ 80ರಿಂದ 100 ಮಿಡಿತಕ್ಕೆ ಇಟ್ಟು, ಕರೆಂಟನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಜೋರಾಗಿ ಗೊತ್ತಾಗಬೇಕು, ನೋಯಬಾರದು. ನಮ್ಮವರು ಹೆದರಿ ತೀರಾ ಕಡಿಮೆ ಇಡುವುದೇ ಹೆಚ್ಚು. ಏನೂ ಗೊತ್ತಾಗದಷ್ಟು ಇಟ್ಟರೆ ಏನೂ ಆಗುವುದೂ ಇಲ್ಲ. ಹತ್ತು ನಿಮಿಷಕ್ಕೆ ನರ ಒಗ್ಗಿಕೊಂಡು ಜುಮುಜುಮು ಮಂಕಾದರೆ ಸ್ವಲ್ಪ ಏರಿಸಿಕೊಳ್ಳಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಈ ಯಂತ್ರವನ್ನು ಮುಟ್ಟಲೇಬಾರದು, ಹೃದ್ರೋಗ ತಜ್ಞರು ಒಪ್ಪಿದ ಹೊರತು. ಕುತ್ತಿಗೆಯ ಮುಂಭಾಗ, ಎದೆ, ತಲೆ, ಗರ್ಭಿಣಿಯರ ಹೊಟ್ಟೆ, ಗಾಯ, ಕ್ಯಾನ್ಸರ್ ಇರುವ ಜಾಗ, ಇಲ್ಲೆಲ್ಲ ಪ್ಯಾಡು ಬೇಡ. ಅಪಸ್ಮಾರ ಇದ್ದವರು ವೈದ್ಯರನ್ನು ಕೇಳದೆ ಬಳಸಬೇಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು, ಮೊದಲು ಆಸ್ಪತ್ರೆ. ಎದೆ ಹಿಡಿದಂತಾಗಿ ಎಡಗೈ ನೋಯುತ್ತಿದ್ದರೂ ಅಷ್ಟೇ, ಕೈಗೆ ಪ್ಯಾಡು ಅಂಟಿಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಕರೆಂಟು ಎಷ್ಟೆಂದು ಗೊತ್ತಾಗುವುದೇ ಇಲ್ಲ, ಚರ್ಮ ಸುಟ್ಟೀತು. ಒಂದು ಪ್ರದರ್ಶನದಲ್ಲಿ, ಕಾಲಡಿಯ ಕರೆಂಟಿನ ಹಲಗೆ ಸಕ್ಕರೆ ಕಾಯಿಲೆಯನ್ನೇ ಗುಣ ಮಾಡುತ್ತದೆಂದು ಮೈಕಿನಲ್ಲಿ ಕೂಗುವುದನ್ನು ಕೇಳಿದ್ದೇನೆ. ಶುದ್ಧ ಸುಳ್ಳು.

ಸ್ನಾನದಲ್ಲಿ, ನಿದ್ದೆಯಲ್ಲಿ, ಸ್ಕೂಟರಿನಲ್ಲಿ ಬೇಡ. ಚಾರ್ಜು ಮಾಡುವ ಬಗೆಯ ಯಂತ್ರವಾದರೆ, ಚಾರ್ಜಿಗೆ ಹಾಕಿಕೊಂಡೇ ಬಳಸುವುದೂ ಬೇಡ. ಕೆಲಸ ಮುಗಿದ ಮೇಲೆ ಪ್ಯಾಡನ್ನು ಅದರದೇ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಅಂಟು ಬೇಗ ಹಾಳಾಗುತ್ತದೆ.

ಇಷ್ಟೆಲ್ಲ ಮಾಡಿದರೆ ಗುಣವಾಗುತ್ತದೆಯೇ? ಇಲ್ಲ. ಸವೆದ ಮೂಳೆಯನ್ನು ಯಂತ್ರ ತುಂಬಿಸುವುದಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಕೊಡಬೇಡಿ ಎಂದೇ ಹೇಳಿತು. ಆದರೆ 2022ರಲ್ಲಿ 381 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು, ಯಂತ್ರ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆ ಇರುತ್ತದೆ ಎಂದಿತು. ನಾನು ಮನೆಮನೆಗಳಲ್ಲಿ ಕಂಡದ್ದೂ ಇದನ್ನೇ: ಸಿಗುವುದು ಸ್ವಲ್ಪ ಹೊತ್ತಿನ ಬಿಡುವು. ಆ ಬಿಡುವಿನಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದು. ಧಾರಾವಾಹಿ ನೋಡುತ್ತಾ ಕೂತರೆ ಧಾರಾವಾಹಿಯ ಜೊತೆಗೇ ಬಿಡುವೂ ಮುಗಿಯಿತು. ಅದರ ಬದಲು ಮೊಣಗಂಟಿನಡಿ ಬೈರಾಸು, ಅಂದರೆ ಟವೆಲು, ಸುತ್ತಿಟ್ಟು, ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ; ಹೀಗೆ ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟು ಗಂಟಿಗೆ ಭಾರ ಕಡಿಮೆ.

ಮೊನ್ನೆ ಕಾಪುವಿಗೆ ಹೋದಾಗ ಅಮ್ಮ ಜಗಲಿಯಲ್ಲಿ ಇರಲಿಲ್ಲ. ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದಾಚೆ ಬಾವಿಕಟ್ಟೆಯ ತನಕ ನಡೆದು ಹೋಗಿ ಬರುತ್ತಿದ್ದರು, ದಿನಕ್ಕೆ ನಾಲ್ಕು ಸಲವಂತೆ. "ಎಣ್ಣೆ ಹಾಕುವುದು ಬಿಟ್ಟಿರಾ?" ಎಂದು ಕೇಳಿದೆ.

"ರಾತ್ರಿ ಹಾಕ್ತೇನೆ ಡಾಕ್ಟ್ರೇ. ಅದನ್ನು ಬಿಡ್ಲಿಕ್ಕೆ ಮಾತ್ರ ಹೇಳ್ಬೇಡಿ."

ನಮಸ್ಕಾರ.