ಕೇಪ್ ಕೋಸ್ಟಿನ ಶನಿವಾರ, ಭಾನುವಾರ

ಕೇಳುಗರಿಗೆ ನಮಸ್ಕಾರ.

ಮಿಷನರಿ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಗಂಡಸು, ಅಲ್ವಾ? ಉದ್ದ ಗಡ್ಡ, ಕೈಯಲ್ಲಿ ಬೈಬಲ್. ಅವನ ಜೊತೆ ಹಡಗು ಹತ್ತಿದ ಹೆಂಡತಿ ನೆನಪಿಗೆ ಬರುವುದಿಲ್ಲ. ಇವತ್ತು ನಾನು ಮಾತಾಡುವುದು ಗಂಡ ಹೆಂಡತಿ ಇಬ್ಬರ ಬಗ್ಗೆ. ಊರು ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕೇಪ್ ಕೋಸ್ಟ್. ರಾಜಧಾನಿ ಆಕ್ರಾದಿಂದ ಪಶ್ಚಿಮಕ್ಕೆ ಸುಮಾರು 145 ಕಿಲೋಮೀಟರ್, ಕಡಲಿನ ದಡದಲ್ಲೇ ಇದೆ. ಮೀನುಗಾರರ ದೋಣಿಗಳು, ಹಳೆಯ ಶಾಲೆಗಳು, ಬೀದಿಬೀದಿಗೂ ಚರ್ಚುಗಳು.

ಈಗ ಇಲ್ಲಿಗೆ ಬರುವ ದಂಪತಿಗಳಲ್ಲಿ ಹಲವರು ಯೇಸುಕ್ರಿಸ್ತನ ಕಡೇ ದಿನಗಳ ಸಂತರ ಸಭೆಗೆ ಸೇರಿದವರು. ಜನ ಇದನ್ನು ಮಾರ್ಮನ್ ಸಭೆ ಅನ್ನುತ್ತಾರೆ. ಮಕ್ಕಳೆಲ್ಲ ಬೆಳೆದು ದೊಡ್ಡವರಾಗಿ, ಕೆಲಸದಿಂದ ನಿವೃತ್ತಿಯಾದ ಮೇಲೆ, ಸ್ವಂತ ಖರ್ಚಿನಲ್ಲಿ ಒಂದು, ಒಂದೂವರೆ ವರ್ಷಕ್ಕೆಂದು ಹೊರಡುತ್ತಾರೆ. ಸಂಬಳ ಇಲ್ಲ. ಹೆಸರು ಬರೆದ ಕಪ್ಪು ಬಿಲ್ಲೆ ಇಬ್ಬರ ಎದೆಯ ಮೇಲೂ ಇರುತ್ತದೆ. ಗಂಡನನ್ನು ಎಲ್ಡರ್, ಹೆಂಡತಿಯನ್ನು ಸಿಸ್ಟರ್ ಅಂತ ಕರೆಯುತ್ತಾರೆ.

ವಾರದ ಕೊನೆ ಅಂದರೆ ಬಿಡುವು ಅಂದುಕೊಳ್ಳುತ್ತೇವೆ. ಇವರಿಗೆ ಶನಿವಾರವೇ ಜಾಸ್ತಿ ಓಡಾಟ. ಇಪ್ಪತ್ತರ ಆಸುಪಾಸಿನ ಮಿಷನರಿ ಹುಡುಗ ಹುಡುಗಿಯರು ಬೇರೆ ಬೇರೆ ಊರುಗಳಲ್ಲಿ ಬಾಡಿಗೆ ಮನೆಗಳಲ್ಲಿ ಇರುತ್ತಾರೆ. ನೀರು ಸೋಸುವ ಫಿಲ್ಟರ್ ಸರಿಯಿದೆಯಾ, ಸೊಳ್ಳೆ ಪರದೆ ಹರಿದಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಎಂದು ನೋಡುವುದು ಈ ಹಿರಿಯರ ಕೆಲಸ. ತಾಯಿ ಮನೆಯಿಂದ ಸಾವಿರಾರು ಮೈಲಿ ದೂರ ಇರುವ ಮಕ್ಕಳಿಗೆ ಒಬ್ಬ ಅಜ್ಜಿ ಬಂದು ಹಣೆ ಮುಟ್ಟಿ ನೋಡುವುದು ಸಣ್ಣ ಕೆಲಸ ಅಲ್ಲ. ಪ್ರಸಂಗಕ್ಕಿಂತ ಇದನ್ನೇ ನಾನು ದೊಡ್ಡ ಸೇವೆ ಅನ್ನುತ್ತೇನೆ.

ರಸ್ತೆಗೆ ಇಳಿದರೆ ಘಾನಾದ ಶನಿವಾರ ಏನೆಂದು ಗೊತ್ತಾಗುತ್ತದೆ. ಅಲ್ಲಿ ಶನಿವಾರ ಶವಸಂಸ್ಕಾರದ ದಿನ. ಊರೂರಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕಪ್ಪು ಕೆಂಪು ಬಟ್ಟೆ ತೊಟ್ಟ ನೂರಾರು ಜನ. ತೀರಿಕೊಂಡವರ ಮನೆಗೆ ಬಂದವರು ತಮ್ಮ ಕೈಲಾದಷ್ಟು ದುಡ್ಡು ಕೊಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಮರುದಿನ ಭಾನುವಾರ ಅದೇ ಮನೆಯವರು ಬಿಳಿ, ಇಲ್ಲವೇ ಬಿಳಿ ಕಪ್ಪು ಬಟ್ಟೆ ತೊಟ್ಟು ಚರ್ಚಿಗೆ ಹೋಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಹೊರದೇಶದ ದಂಪತಿಗಳು ಈ ಶಾಮಿಯಾನದ ಕೆಳಗೆ ಗಂಟೆಗಟ್ಟಲೆ ಸುಮ್ನೆ ಕೂತಿದ್ದರೂ ಸಾಕು, ಊರಿನವರಾಗಿಬಿಡುತ್ತಾರೆ. ನೀವು ವಾರದ ಯಾವ ದಿನ ಹುಟ್ಟಿದಿರಿ ಅಂತ ಯಾರಾದರೂ ಕೇಳುತ್ತಾರೆ. ಇಲ್ಲಿನ ಫಾಂಟೆ ಜನರಲ್ಲಿ ಹುಟ್ಟಿದ ದಿನವೇ ಹೆಸರು. ಭಾನುವಾರ ಹುಟ್ಟಿದ ಗಂಡು ಕ್ವೇಸಿ, ಹೆಣ್ಣು ಎಸಿ.

ಅದೇ ಶನಿವಾರ ಒಂದು ಗಂಟೆ ಸಿಕ್ಕಿದರೆ ಅವರು ನೋಡಲೇಬೇಕಾದ ಜಾಗ ಕೇಪ್ ಕೋಸ್ಟಿನ ಕೋಟೆ. ಬಿಳಿ ಸುಣ್ಣ ಬಳಿದ ಗೋಡೆ, ಕಡಲಿಗೆ ಮುಖ ಮಾಡಿದ ಫಿರಂಗಿಗಳು. 17ನೇ ಶತಮಾನದಿಂದ ಅದು ಇಂಗ್ಲಿಷರ ಕೈಯಲ್ಲಿತ್ತು. ನೆಲಮಾಳಿಗೆಯಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದರು. ಗಾಳಿ ಬೆಳಕಿಗೆ ಗೋಡೆಯ ತುದಿಯಲ್ಲಿ ಒಂದು ಚಿಕ್ಕ ಕಿಂಡಿ, ಅಷ್ಟೇ. ಗಂಡಸರನ್ನು ತುಂಬಿದ್ದ ಆ ಕತ್ತಲೆ ಕೋಣೆಯ ನೇರ ಮೇಲೆ ಚರ್ಚು. ಕೆಳಗೆ ಸರಪಳಿ, ಮೇಲೆ ಪ್ರಾರ್ಥನೆ. 2009ರಲ್ಲಿ ಇಲ್ಲಿಗೆ ಬಂದಿದ್ದ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಕೂಡ ಹೊರಗೆ ಬಂದು ಈ ಚರ್ಚಿನ ಮಾತನ್ನೇ ಎತ್ತಿದ್ದರು. ಈ ನಾಡಿನಲ್ಲಿ ಸುವಾರ್ತೆ ಹೇಳಲು ಬರುವ ಪ್ರತಿಯೊಬ್ಬರೂ ಮೊದಲು ಆ ನೆಲಮಾಳಿಗೆಗೆ ಇಳಿದು ಬರಬೇಕು. ಅದನ್ನು ನೋಡದೆ ಭಾನುವಾರ ಪೀಠದ ಮೇಲೆ ನಿಂತು ಪ್ರೀತಿಯ ಮಾತಾಡುವುದು ತಪ್ಪು. ಇದು ನನ್ನ ಖಚಿತವಾದ ಅಭಿಪ್ರಾಯ.

ಈ ಕೋಟೆಗೆ 1766ರಲ್ಲಿ ಒಂದು ದಂಪತಿ ಬಂದಿಳಿದರು. ಗಂಡ ಫಿಲಿಪ್ ಕ್ವಾಕ್, ಕೇಪ್ ಕೋಸ್ಟಿನ ಹುಡುಗ. ಚಿಕ್ಕವನಿದ್ದಾಗಲೇ ಇಂಗ್ಲೆಂಡಿಗೆ ಹೋಗಿ ಓದಿ, ಇಂಗ್ಲೆಂಡಿನ ಸಭೆಯ ಪಾದ್ರಿಯಾದ ಮೊದಲ ಆಫ್ರಿಕನ್. ಹೆಂಡತಿ ಕ್ಯಾಥರಿನ್ ಬ್ಲಂಟ್, ಇಂಗ್ಲಿಷ್ ಹೆಣ್ಣುಮಗಳು. ಬಂದ ವರ್ಷವೇ ಆಕೆ ತೀರಿಕೊಂಡರು. ಕ್ವಾಕ್ ಮಾತ್ರ 50 ವರ್ಷ ಅಲ್ಲೇ ದುಡಿದು, ಮಕ್ಕಳಿಗೆ ಪಾಠ ಹೇಳಿ, 1816ರಲ್ಲಿ ಸತ್ತರು. ಅವರ ಸಮಾಧಿ ಕೋಟೆಯ ಅಂಗಳದಲ್ಲೇ ಇದೆ.

ಆಮೇಲೆ ಇಂಗ್ಲೆಂಡಿನ ಇನ್ನೊಂದು ಕ್ರೈಸ್ತ ಪಂಗಡದವರಾದ ಮೆಥಡಿಸ್ಟರು ಬಂದರು. ರಿಗ್ಲಿ ದಂಪತಿ, ಹ್ಯಾರಪ್ ದಂಪತಿ. 1837ನೇ ಇಸವಿ ಮುಗಿಯುವಷ್ಟರಲ್ಲಿ ನಾಲ್ವರೂ ಜ್ವರಕ್ಕೆ ಬಲಿಯಾಗಿದ್ದರು. 1838ರ ಜನವರಿಯಲ್ಲಿ ಥಾಮಸ್ ಬರ್ಚ್ ಫ್ರೀಮನ್ ಹೆಂಡತಿ ಎಲಿಜಬೆತ್ ಜೊತೆ ಬಂದರು. ಎರಡು ತಿಂಗಳು ತುಂಬುವ ಮೊದಲೇ ಎಲಿಜಬೆತ್ ಹೋಗಿಬಿಟ್ಟರು. ಫ್ರೀಮನ್ 1890ರವರೆಗೂ ಬದುಕಿ ದೊಡ್ಡ ಹೆಸರಾದರು. ಆ ಹೆಣ್ಣುಮಕ್ಕಳ ಪಾಲಿಗೆ ಉಳಿದದ್ದು ಒಂದೊಂದು ಸಾಲು. ಬಂದರು, ಸತ್ತರು. ಗೊತ್ತಿದ್ದೂ ಹಡಗು ಹತ್ತಿದವರು ಅವರು. ಹಿಂದಿನ ವರ್ಷ ಹೋದವರು ಏನಾದರು ಎಂಬ ಸುದ್ದಿ ಊರಿಗೆ ಮುಟ್ಟುತ್ತಿತ್ತಲ್ಲ.

ಸಂತರ ಸಭೆಯ ಕತೆಯಲ್ಲಿ ಒಂದು ವಿಶೇಷ ಇದೆ. 1978ರ ಜೂನ್‌ವರೆಗೆ ಆ ಸಭೆ ಕಪ್ಪು ಜನರಿಗೆ ಯಾಜಕ ಪದವಿ ಕೊಡುತ್ತಿರಲಿಲ್ಲ. ಆದರೂ ಕೇಪ್ ಕೋಸ್ಟಿನಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರು ಆ ಸಭೆಯ ಪುಸ್ತಕ ಓದಿ ನಂಬಿ, 1964ರಿಂದಲೇ ಜನರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದರು. ಕಳಿಸಿದವರು ಯಾರೂ ಇಲ್ಲ, ಕಾದದ್ದು ಹದಿನಾಲ್ಕು ವರ್ಷ. ನಿಯಮ ಬದಲಾದ ಮೇಲೆ ನೈಜೀರಿಯಾಕ್ಕೂ ಘಾನಾಕ್ಕೂ ಸಭೆ ಮೊದಲು ಕಳಿಸಿದ್ದು ಎರಡು ಜೋಡಿ ದಂಪತಿಗಳನ್ನು. ರೆಂಡೆಲ್ ಮತ್ತು ರೇಚಲ್ ಮೇಬಿ, ಎಡ್ವಿನ್ ಮತ್ತು ಜನತ್ ಕ್ಯಾನನ್. 1978ರ ಡಿಸೆಂಬರಿನಲ್ಲಿ ಕೇಪ್ ಕೋಸ್ಟಿನ ಕಡೆ ನೂರಕ್ಕೂ ಹೆಚ್ಚು ಜನ ಸಮುದ್ರದ ನೀರಿನಲ್ಲಿ ದೀಕ್ಷಾಸ್ನಾನ ಪಡೆದರು.

ಇನ್ನು ಭಾನುವಾರ. ಆರಾಧನೆ ಎರಡು ಗಂಟೆ. ಮೊದಲು ಮೂರು ಗಂಟೆ ಇತ್ತು, 2019ರಿಂದ ಎರಡಾಯಿತು. ದ್ರಾಕ್ಷಾರಸ ಇಲ್ಲ, ಮುರಿದ ರೊಟ್ಟಿ ಮತ್ತು ಪುಟ್ಟ ಲೋಟಗಳಲ್ಲಿ ನೀರು. ತಿಂಗಳ ಮೊದಲ ಭಾನುವಾರ ಉಪವಾಸ. ಅಂದು ಪ್ರಸಂಗಕ್ಕೆ ಯಾರನ್ನೂ ನೇಮಿಸಿರುವುದಿಲ್ಲ, ಯಾರು ಬೇಕಾದರೂ ಎದ್ದು ಬಂದು ತಮ್ಮ ನಂಬಿಕೆಯ ಸಾಕ್ಷಿ ಹೇಳಬಹುದು. ಅಜ್ಜಿಯರು, ಮಕ್ಕಳು, ಎಲ್ಲರೂ. ಅಲ್ಲಿನ ಸಭೆಯನ್ನು ನಡೆಸುವವರು ಊರಿನವರೇ, ಅವರಿಗೂ ಸಂಬಳ ಇಲ್ಲ. ಹೊರಗಿಂದ ಬಂದ ದಂಪತಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಕೇಳಿದಾಗ ಮಾತಾಡುತ್ತಾರೆ. ಹೀಗೇ ಇರಬೇಕು ಕೂಡ. ಸಿಸ್ಟರ್ ಕೀಬೋರ್ಡ್ ನುಡಿಸಲು ಬಲ್ಲವರಾದರೆ ಸಭೆ ಮುಗಿದ ಮೇಲೆ ಹುಡುಗಿಯರಿಗೆ ಕಲಿಸುತ್ತಾರೆ. ಎಲ್ಡರ್ ಗುಮಾಸ್ತರ ಪಕ್ಕ ಕೂತು ಲೆಕ್ಕದ ಪುಸ್ತಕ ನೋಡುತ್ತಾರೆ. ತಾವು ಹೋದ ಮೇಲೂ ನಡೆಯಬೇಕಾದ ಕೆಲಸಗಳಿವು.

ಹೋಗಬೇಕಾದ ದಿನ ಒಮ್ಮೆ ಏಕಾಏಕಿ ಬಂತು. 1989ರ ಜೂನ್‌ನಲ್ಲಿ ಘಾನಾ ಸರ್ಕಾರ ಈ ಸಭೆಯನ್ನು ನಿಷೇಧಿಸಿತು. ಕಟ್ಟಡಗಳಿಗೆ ಬೀಗ ಬಿತ್ತು, ವಿದೇಶಿ ಮಿಷನರಿಗಳು ದೇಶ ಬಿಟ್ಟರು. 1990ರ ಕೊನೆಯವರೆಗೂ ಅಲ್ಲಿನ ಸಂಸಾರಗಳು ಮನೆಯಲ್ಲೇ ಭಾನುವಾರದ ಆರಾಧನೆ ಮಾಡಿಕೊಂಡವು. ತಂದೆ ರೊಟ್ಟಿ ಮುರಿದು ಕೊಟ್ಟ, ಮನೆಮಂದಿ ಹಾಡಿದರು. ಬಾಗಿಲು ತೆರೆದಾಗ ಸಭೆ ಅಳಿದಿರಲಿಲ್ಲ. 2004ರ ಜನವರಿಯಲ್ಲಿ ಆಕ್ರಾದಲ್ಲಿ ಅವರ ಮಂದಿರ ಪ್ರತಿಷ್ಠೆಯಾಯಿತು. ಈಗ ಘಾನಾದಲ್ಲೇ ಮಿಷನರಿಗಳ ತರಬೇತಿ ಕೇಂದ್ರ ಇದೆ. ಅಲ್ಲಿನ ಯುವಕ ಯುವತಿಯರು, ಹಿರಿಯ ದಂಪತಿಗಳು ಕೂಡ, ಬಿಲ್ಲೆ ಸಿಕ್ಕಿಸಿಕೊಂಡು ಬೇರೆ ನಾಡುಗಳಿಗೆ ಹೊರಡುತ್ತಿದ್ದಾರೆ.

ಕೇಳಿದ್ದಕ್ಕೆ ವಂದನೆಗಳು.